ನಾಣ್ಯದ ತಪ್ಪು, ನಾಣ್ಯದ ಗಾಯ

ಬ್ರಹ್ಮಪುರದ ಹಳೆಯ ಮನೆಗಳಲ್ಲಿ ಅಜ್ಜಿಯ ಸಂದೂಕು ತೆರೆದರೆ ಬಟ್ಟೆಯ ಗಂಟಿನಲ್ಲಿ ನಾಲ್ಕಾರು ಹಳೆಯ ನಾಣ್ಯಗಳು ಸಿಗುವುದುಂಟು. ಒಂದರ ಮೇಲೆ ಅರ್ಧ ಬರಹ, ಇನ್ನೊಂದಕ್ಕೆ ತೂತು. "ಟಂಕಸಾಲೆಯ ತಪ್ಪು, ಲಕ್ಷ ಬಾಳುತ್ತದೆ" ಎನ್ನುತ್ತಾನೆ ಒಬ್ಬ. "ಹಾಳಾದ ಬೆಳ್ಳಿ, ತೂಕಕ್ಕೆ ಕೊಡಿ" ಎನ್ನುತ್ತಾನೆ ಮತ್ತೊಬ್ಬ. ಇಬ್ಬರನ್ನೂ ನಂಬುವ ಮೊದಲು ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ಕುಂದು ಅಚ್ಚಿನ ಕೆಳಗೆ ಹುಟ್ಟಿದ್ದೋ, ಜನರ ಕೈಯಲ್ಲಿ ಆದದ್ದೋ?

ನಮ್ಮ ಊರೇ ಒಮ್ಮೆ ಟಂಕಸಾಲೆಯ ಊರಾಗಿತ್ತು. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ಕಲಬುರಗಿ ಅದರ ರಾಜಧಾನಿ. ನಾಣ್ಯಗಳ ಮೇಲೆ ಅದರ ಹೆಸರು ಅಹ್ಸನಾಬಾದ್. 1420ರ ದಶಕದಲ್ಲಿ ರಾಜಧಾನಿ ಬೀದರಿಗೆ ಹೋದ ಮೇಲೆ ಮುಹಮ್ಮದಾಬಾದ್ ಎಂಬ ಹೆಸರು ಬಂತು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಲೋಹದ ಬಿಲ್ಲೆ, ಮೇಲಿನಿಂದ ಸುತ್ತಿಗೆಯ ಏಟು. ಬಿಲ್ಲೆ ಕೊಂಚ ಸರಿದರೆ ಸಾಕು, ಊರಿನ ಹೆಸರಿರುವ ಅಂಚಿನ ಬರಹ ಹೊರಗುಳಿಯುತ್ತಿತ್ತು. ಆ ಕಾಲದ ನಾಣ್ಯಗಳಲ್ಲಿ ಇದು ತೀರಾ ಸಾಮಾನ್ಯ. ಅಪರೂಪವೆಂದು ಹೆಚ್ಚು ಹಣ ತೆರಬೇಕಿಲ್ಲ.

ಅರ್ಧ ಬರಹದ ನಾಣ್ಯಕ್ಕೆ ಮೊದಲ ಸಾಕ್ಷಿ ತಕ್ಕಡಿ. ಬಹಮನಿ ಬೆಳ್ಳಿಯ ಟಂಕ ಸುಮಾರು 11 ಗ್ರಾಂ ತೂಗುತ್ತದೆ. ಬರಹ ಅರ್ಧವಿದ್ದು ತೂಕ ಪೂರ್ಣವಿದ್ದರೆ ಏಟು ಸರಿದಿದೆ ಎಂದು ತಿಳಿಯಬೇಕು. ತೂಕವೂ ಇಳಿದಿದ್ದರೆ ಯಾರೋ ಅಂಚು ಕತ್ತರಿಸಿದ್ದಾರೆ, ಉಜ್ಜಿದ್ದಾರೆ, ಇಲ್ಲವೇ ಅದು ಸವೆದಿದೆ.

ನಿಜವಾದ ತಪ್ಪುಗಳೂ ಇವೆ. ಎರಡು ಸಲ ಏಟು ಬಿದ್ದರೆ ಅಕ್ಷರಗಳು ಜೋಡಿಯಾಗಿ ಕಾಣುತ್ತವೆ. ಮೊದಲು ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡರೆ ಮುಂದಿನ ಬಿಲ್ಲೆಯ ಒಂದು ಬದಿ ಸರಿಯಾಗಿ ಮೂಡಿ, ಇನ್ನೊಂದು ಬದಿಯಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವಾಗಿ, ತಗ್ಗಾಗಿ ಮೂಡುತ್ತದೆ. ಮೋಸಗಾರರು ಎರಡು ನಾಣ್ಯಗಳನ್ನು ಹಿಡಿಕೆಯಲ್ಲಿಟ್ಟು ಬಿಗಿದು ಇದನ್ನು ನಕಲು ಮಾಡುತ್ತಾರೆ. ಆದರೆ ಅಲ್ಲಿ ತಗ್ಗು ಚಿತ್ರದ ಅಡಿಯಲ್ಲಿ ಮೂಲ ಚಿತ್ರ ಚಪ್ಪಟೆಯಾಗಿ ಇಣುಕುತ್ತದೆ. ಭೂತಗನ್ನಡಿ ಹಿಡಿದರೆ ಗುಟ್ಟು ರಟ್ಟಾಗುತ್ತದೆ.

ಯಂತ್ರದ ಕಾಲದಲ್ಲಿ ಪರೀಕ್ಷೆ ಇನ್ನೂ ಬಿಗಿ. ನಿಜಾಮರ ಚಾರ್‌ಮಿನಾರ್ ರೂಪಾಯಿಯಾಗಲಿ, ಇಂದಿನ ನಾಣ್ಯವಾಗಲಿ, ಎಲ್ಲವೂ ಒಂದೇ ಅಳತೆಯಲ್ಲಿರಬೇಕು. 1992ರಲ್ಲಿ ಬಂದ ಸ್ಟೀಲಿನ ಒಂದು ರೂಪಾಯಿಗೆ 4.85 ಗ್ರಾಂ ತೂಕವಿತ್ತು. ಆಸಿಡ್‌ನಲ್ಲಿ ಅದ್ದಿದ ನಾಣ್ಯ ತೆಳುವಾಗಿ, ಅಕ್ಷರಗಳು ಕರಗಿದಂತೆ ಕಾಣುತ್ತವೆ. ಗೀರು ಬಿದ್ದಲ್ಲಿ ಲೋಹ ಪಕ್ಕಕ್ಕೆ ಸರಿದು ದಿಬ್ಬವಾಗುತ್ತದೆ. ಅಂಥ ಗಾಯವನ್ನು ಟಂಕಸಾಲೆಯ ತಲೆಗೆ ಕಟ್ಟಿ ಮಾರುವುದು ಸುಳ್ಳು ಸಾಕ್ಷಿ ಹೇಳಿದಂತೆಯೇ.

ಹಾಗಾದರೆ ಗಾಯಗೊಂಡ ನಾಣ್ಯ ಕಸವೇ? ಹಳೆಯ ಬೆಳ್ಳಿ ನಾಣ್ಯಗಳ ಮೇಲಿನ ಸಣ್ಣ ಗುದ್ದುಗಳು ಬಹುಪಾಲು ಸರಾಫರವು. ಒಳಗೂ ಬೆಳ್ಳಿಯೇ ಇದೆಯೇ ಎಂದು ನೋಡಲು ಅವರು ಉಳಿ ಊರುತ್ತಿದ್ದರು. ತೂತು, ಬೆಸುಗೆಯ ಕೊಕ್ಕೆ ಇದ್ದರೆ ಅದು ಯಾವುದೋ ಹೆಣ್ಣಿನ ಕೊರಳಲ್ಲಿ ತೂಗಿದ್ದಿರಬಹುದು. ಅದು ತಪ್ಪಲ್ಲ, ಬಾಳಿದ ಗುರುತು. ಸಂತೆಯಲ್ಲಿ ಅದಕ್ಕೆ ಬೆಲೆ ಕಡಿಮೆ, ಚರಿತ್ರೆಯಲ್ಲಿ ಅಲ್ಲ.

ಆದ್ದರಿಂದ ಅಜ್ಜಿಯ ಗಂಟು ಬಿಚ್ಚಿದಾಗ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು ಬೇಡ. ಆ ಹೊಳಪಿನಲ್ಲಿ ತಪ್ಪೂ ಅಳಿಸುತ್ತದೆ, ಗಾಯವೂ ಅಳಿಸುತ್ತದೆ. ಮೊದಲು ತೂಗೋಣ, ನಂತರ ಓದೋಣ. ಮಾರುವ ಮಾತು ಆಮೇಲೆ.