ಡಿಕ್ಕಿ ಹೊಡೆದ ಗಾಡಿ ಸಿಗಲಿಲ್ವಾ? ಆದರೂ ಪರಿಹಾರ ಇದೆ: ಎಲ್ಲಿ, ಹೇಗೆ ಅರ್ಜಿ ಹಾಕೋದು?

ಅರಿಶಿನಕುಂಟೆ (ನೆಲಮಂಗಲ): ಬೆಂಗಳೂರು–ತುಮಕೂರು ಹೆದ್ದಾರಿ ಬದಿಯ ಅರಿಶಿನಕುಂಟೆಯಂಥ ಊರುಗಳಿಗೆ 'ಅಪರಿಚಿತ ವಾಹನ ಡಿಕ್ಕಿ' ಅನ್ನೋದು ಹೊಸ ಸುದ್ದಿಯಲ್ಲ. ಗಾಡಿ ನಂಬರ್ ಯಾರೂ ನೋಡಿಲ್ಲ, ಇನ್ನು ದುಡ್ಡು ಎಲ್ಲಿಂದ ಬರುತ್ತೆ ಎಂದು ಎಷ್ಟೋ ಮನೆಯವರು ಕೈಚೆಲ್ಲಿ ಕೂರುತ್ತಾರೆ. ಆದರೆ ತಪ್ಪು ಮಾಡಿದವನು ಸಿಗದಿದ್ದರೂ ನೊಂದವರಿಗೆ ಪರಿಹಾರ ಕೊಡಲು ಕಾನೂನಿನಲ್ಲಿ ದಾರಿ ಇದೆ.

ಗುದ್ದಿ ಪರಾರಿಯಾದ ಪ್ರಕರಣ

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಸಾವಾದರೆ 2 ಲಕ್ಷ ರೂ., ತೀವ್ರ ಗಾಯವಾದರೆ 50 ಸಾವಿರ ರೂ. ಸಿಗುತ್ತದೆ. ಮೊದಲು ಇದು 25 ಸಾವಿರ ಮತ್ತು 12,500 ರೂ. ಮಾತ್ರ ಇತ್ತು. ಅರ್ಜಿಯನ್ನು ಅಪಘಾತ ನಡೆದ ತಾಲ್ಲೂಕಿನ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ ಕೊಡಬೇಕು. ಅವರ ವರದಿ ನೋಡಿ ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ. ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಮುಂದೆ ಗಾಡಿ ಸಿಕ್ಕಿ, ಕೋರ್ಟ್ ಮೂಲಕ ಬೇರೆ ಪರಿಹಾರ ಬಂದರೆ ಈ ಹಣ ವಾಪಸ್ ಕಟ್ಟಬೇಕು.

ಒಂದು ತಿಂಗಳಾದರೂ ಗಾಡಿ ಪತ್ತೆಯಾಗದಿದ್ದರೆ, ಈ ಯೋಜನೆ ಇದೆ ಎಂದು ಪೊಲೀಸರೇ ಗಾಯಾಳುವಿಗೆ ಅಥವಾ ಮೃತರ ಮನೆಯವರಿಗೆ ಬರಹದಲ್ಲಿ ತಿಳಿಸಬೇಕು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೀಗೆ ಆದೇಶಿಸಿದೆ. ಪತ್ರ ಬಾರದಿದ್ದರೆ ಸ್ಟೇಷನ್‌ಗೆ ಹೋಗಿ ಕೇಳಿ.

ಕೊಲೆ, ಹಲ್ಲೆ, ಅತ್ಯಾಚಾರ, ಆಸಿಡ್ ದಾಳಿ

ಇಂಥ ಪ್ರಕರಣಗಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ (ಹಳೆಯ ಸಿಆರ್‌ಪಿಸಿಯ 357ಎ) ಪ್ರಕಾರ, ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ನೊಂದವರು ಅಥವಾ ಅವರನ್ನೇ ನಂಬಿದವರು ಅಲ್ಲಿ ಅರ್ಜಿ ಹಾಕಬಹುದು. ಪ್ರಾಧಿಕಾರ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. ಆರೋಪಿ ಖುಲಾಸೆಯಾದ ಕೇಸಿನಲ್ಲೂ ಕೋರ್ಟ್ ಪರಿಹಾರಕ್ಕೆ ಶಿಫಾರಸು ಮಾಡಬಹುದು.

ಆಸಿಡ್ ದಾಳಿಗೆ ಕನಿಷ್ಠ 3 ಲಕ್ಷ ರೂ. ಕೊಡಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಆಸಿಡ್ ದಾಳಿ ಮತ್ತು ಅತ್ಯಾಚಾರ ಸಂತ್ರಸ್ತರಿಗೆ ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು.

ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯಕ್ಕೆ ಪ್ರತ್ಯೇಕ ಪರಿಹಾರ ನಿಯಮಗಳಿವೆ. ಪೂರ್ತಿ ಹಣ ತೀರ್ಪಿನವರೆಗೆ ಕಾಯುವುದಿಲ್ಲ, ಹಂತ ಹಂತವಾಗಿ ಕೊಡುತ್ತಾರೆ. ಇದಕ್ಕೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.

ಏನೇನು ಇಟ್ಟುಕೊಳ್ಳಬೇಕು?

* ಎಫ್‌ಐಆರ್ ಕಾಪಿ (ಸ್ಟೇಷನ್‌ನಲ್ಲಿ ಉಚಿತ)
* ಗಾಯದ ಸರ್ಟಿಫಿಕೇಟ್, ಆಸ್ಪತ್ರೆ ಬಿಲ್‌ಗಳು
* ಸಾವಾಗಿದ್ದರೆ ಮರಣೋತ್ತರ ಪರೀಕ್ಷೆ ವರದಿ, ಮರಣ ಪ್ರಮಾಣಪತ್ರ
* ಆಧಾರ್, ಬ್ಯಾಂಕ್ ಪಾಸ್‌ಬುಕ್

ಅರ್ಜಿ ಬರೆಯಲು ಬಾರದವರು ನೆಲಮಂಗಲ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, ಅಥವಾ 15100ಕ್ಕೆ ಫೋನ್ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಮಧ್ಯವರ್ತಿಗೆ ಕಮಿಷನ್ ಕೊಡುವ ಅಗತ್ಯವಿಲ್ಲ.

ಎಲ್ಲಿ ಹೋದರೂ ಮೊದಲು ಕೇಳುವುದು ಎಫ್‌ಐಆರ್. 'ಯಾರು ಸ್ಟೇಷನ್ ಅಲೀತಾರೆ' ಎಂದು ಕಂಪ್ಲೇಂಟ್ ಕೊಡದೆ ಬಿಟ್ಟರೆ, ನಾಳೆ ಪರಿಹಾರ ಕೇಳಲು ಕೈಯಲ್ಲಿ ಕಾಗದವೇ ಇರುವುದಿಲ್ಲ.