ಎರವಲು ನೆನಪು

ಕಳೆದ ವರ್ಷ ನನ್ನ ಹಳೆಯ ಗಣಕಯಂತ್ರಕ್ಕೆ ಎಸ್‌ಎಸ್‌ಡಿಯೊಂದನ್ನು ಹಾಕಿಸಲು ಹೋಗಿದ್ದೆ. ಅಂಗಡಿಯ ಹುಡುಗ ಎರಡು ಪೊಟ್ಟಣಗಳನ್ನು ಮುಂದಿಟ್ಟ. ಹಿಡಿಸುವ ಮಾಹಿತಿ ಎರಡರಲ್ಲಿಯೂ ಅಷ್ಟೇ; ಬೆಲೆ ಮಾತ್ರ ಬೇರೆ. ಕಾರಣ ಕೇಳಿದೆ. "ಅಗ್ಗದ್ದಕ್ಕೆ ಸ್ವಂತ ರ‍್ಯಾಮ್ ಇಲ್ಲ ಸಾರ್. ನಿಮ್ಮ ಕಂಪ್ಯೂಟರಿಂದಾನೇ ಸ್ವಲ್ಪ ಎರವಲು ತಗೊಳ್ಳುತ್ತೆ" ಎಂದ. ಅವನು ಸಹಜವಾಗಿ ಆಡಿದ ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಈ ಎರವಲಿಗೆ ಒಂದು ಇತಿಹಾಸವಿದೆ. ಅದನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಕಥೆ ಆರಂಭವಾಗುವುದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಅಲ್ಲಿನ ವಿಶ್ವವಿದ್ಯಾನಿಲಯವೂ ಫೆರಾಂಟಿ ಕಂಪೆನಿಯೂ ಕೂಡಿ ನಿರ್ಮಿಸಿದ 'ಅಟ್ಲಾಸ್' ಗಣಕಯಂತ್ರ 1962ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡಿತು. ಅದರಲ್ಲಿ ಚಿಕ್ಕದಾದರೂ ವೇಗವಾದ ಕಾಂತೀಯ ಸ್ಮೃತಿಯೊಂದಿತ್ತು. ದೊಡ್ಡದಾದರೂ ನಿಧಾನವಾದ, ತಿರುಗುವ ಡ್ರಮ್ಮಿನ ಮೇಲಣ ಸ್ಮೃತಿ ಇನ್ನೊಂದಿತ್ತು. ಯಾವ ಪುಟ ಯಾವುದರಲ್ಲಿದೆಯೆಂಬ ಚಿಂತೆ ಬಳಸುವವನಿಗೆ ಬೇಡ. ಯಂತ್ರವೇ ಅದರ ಲೆಕ್ಕವಿಡುತ್ತಿತ್ತು. ವಸ್ತುವಿನ ಹೆಸರು ಬೇರೆ, ಅದು ಇರುವ ತಾಣ ಬೇರೆ ಎಂಬ ತತ್ತ್ವ ಹೀಗೆ ನೆಲೆಗೊಂಡಿತು.

1965ರಲ್ಲಿ ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ ಒಂದು ಪುಟ್ಟ ಪ್ರಬಂಧ ಬರೆದರು. ಹತ್ತು ಲಕ್ಷ ಪದಗಳ ನಿಧಾನ ಸ್ಮೃತಿಯ ಮುಂದೆ 32,000 ಪದಗಳ ಚುರುಕು ಸ್ಮೃತಿಯೊಂದನ್ನು ಊಳಿಗಕ್ಕಿಟ್ಟು, ಈಚೆಗೆ ಬಳಸಿದ್ದನ್ನು ಅದರಲ್ಲಿ ಉಳಿಸಿಕೊಂಡರೆ, ಒಟ್ಟು ಯಂತ್ರ ಹೆಚ್ಚುಕಡಿಮೆ ಚುರುಕು ಸ್ಮೃತಿಯ ವೇಗದಲ್ಲಿಯೇ ನಡೆದೀತು ಎಂಬುದು ಅವರ ವಾದ. 1968ರಲ್ಲಿ ಐಬಿಎಂ ಪ್ರಕಟಿಸಿದ 360 ಮಾಲೆಯ 85ನೆಯ ಮಾದರಿಯಲ್ಲಿ ಇಂಥ ವ್ಯವಸ್ಥೆ ಮಾರುಕಟ್ಟೆಗೆ ಬಂದಿತು. ಅದಕ್ಕೆ 'ಕ್ಯಾಷ್' ಎಂಬ ಹೆಸರು ನಿಂತಿತು. ಅಡಗಿಸು ಎಂಬರ್ಥದ ಫ್ರೆಂಚ್ ಧಾತು ಅದರ ಮೂಲ.

ಇನ್ನು ಫ್ಲ್ಯಾಷಿನ ಮಾತು. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ 1984ರಲ್ಲಿ ಇದನ್ನು ಲೋಕದ ಮುಂದಿಟ್ಟರು. ಇಂದಿನ ಎಸ್‌ಎಸ್‌ಡಿಗಳಲ್ಲಿರುವ 'ನ್ಯಾಂಡ್' ಬಗೆ 1987ರದು. ವಿದ್ಯುತ್ತು ಹೋದರೂ ಬರೆದದ್ದು ಉಳಿಯುವುದು ಇದರ ಗುಣ. ದೋಷವೂ ಒಂದುಂಟು. ಸ್ಲೇಟಿನ ಮೇಲಿನ ಒಂದಕ್ಷರವನ್ನು ಬೆರಳಿನಿಂದ ಒರೆಸಬಹುದು. ಫ್ಲ್ಯಾಷಿನಲ್ಲಿ ಒಂದಕ್ಷರ ತಿದ್ದಲು ಇಡೀ ಸ್ಲೇಟನ್ನೇ ಒರೆಸಬೇಕು. ಒರೆಸಿದಷ್ಟೂ ಸ್ಲೇಟು ಸವೆಯುತ್ತದೆ. ಆದಕಾರಣ ತಿದ್ದಿದ್ದನ್ನು ಬೇರೊಂದು ಖಾಲಿ ಜಾಗದಲ್ಲಿ ಬರೆದು, ಹೊಸ ವಿಳಾಸವನ್ನು ಒಂದು ತಾಣಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುವ ಉಪಾಯ ಬಳಕೆಗೆ ಬಂದಿತು. ಇಂಥ ವ್ಯವಸ್ಥೆಯೊಂದಕ್ಕೆ ಇಸ್ರೇಲಿನ ಎಂ-ಸಿಸ್ಟಮ್ಸ್ ಸಂಸ್ಥೆಯ ಅಮೀರ್ ಬಾನ್ 1995ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅಟ್ಲಾಸಿನ ತತ್ತ್ವವೇ ಇಲ್ಲಿ ಮರಳಿ ಬಂದಿತ್ತೆನ್ನಬಹುದು.

ಆದರೆ ಪಟ್ಟಿಗೂ ಜಾಗ ಬೇಕಲ್ಲ! ನಾಲ್ಕು ಕಿಲೋಬೈಟಿಗೊಂದು ವಿಳಾಸ, ವಿಳಾಸಕ್ಕೆ ನಾಲ್ಕು ಬೈಟು ಎಂದು ಲೆಕ್ಕ ಹಾಕಿದರೆ, ಒಂದು ಟೆರಾಬೈಟಿನ ಡ್ರೈವಿಗೆ ಒಂದು ಗಿಗಾಬೈಟಿನ ತಾಣಪಟ್ಟಿ ಬೇಕಾಗುತ್ತದೆ. ದುಬಾರಿ ಡ್ರೈವು ಅದಕ್ಕೆಂದೇ ತನ್ನೊಳಗೆ ರ‍್ಯಾಮ್ ಇರಿಸಿಕೊಳ್ಳುತ್ತದೆ. ಅಗ್ಗದ ಡ್ರೈವಿಗೆ ಆ ಭಾಗ್ಯವಿಲ್ಲ. ಪಟ್ಟಿಯ ಬಹುಭಾಗ ಫ್ಲ್ಯಾಷಿನಲ್ಲಿಯೇ ಉಳಿಯುವುದರಿಂದ, ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಓದುವಾಗ ಮೊದಲು ವಿಳಾಸಕ್ಕಾಗಿ ಒಂದು ಓದು, ಆಮೇಲೆ ಮಾಹಿತಿಗಾಗಿ ಮತ್ತೊಂದು ಓದು ನಡೆಯಬೇಕಾಗುತ್ತದೆ.

ಇಲ್ಲಿ ನನಗೆ ನಮ್ಮ ಕಾಲೇಜಿನ ಗ್ರಂಥಾಲಯ ನೆನಪಾಗುತ್ತದೆ. ಕಾರ್ಡುಗಳ ಬೀರು ಸಭಾಂಗಣದ ಆ ತುದಿಯಲ್ಲಿತ್ತು. ಅಲ್ಲಿಯ ಜವಾನರು ಪ್ರತಿ ಪುಸ್ತಕಕ್ಕೂ ಅಷ್ಟು ದೂರ ನಡೆಯಲಾರದೆ, ಹೆಚ್ಚು ಕೇಳುವ ಪುಸ್ತಕಗಳ ಕಪಾಟಿನ ಸಂಖ್ಯೆಗಳನ್ನು ಚೀಟಿಗಳಲ್ಲಿ ಬರೆದು, ಗ್ರಂಥಪಾಲಕರ ಅಪ್ಪಣೆ ಪಡೆದು ಅವರ ಮೇಜಿನ ಒಂದು ಖಾನೆಯಲ್ಲಿ ಇಟ್ಟುಕೊಂಡಿದ್ದರು.

2014ರ ನವೆಂಬರಿನಲ್ಲಿ ಪ್ರಕಟವಾದ ಎನ್‌ವಿಎಂಇ ನಿಯಮಾವಳಿಯ 1.2ನೆಯ ಆವೃತ್ತಿ ಮಾಡಿದ್ದೂ ಇದನ್ನೇ. ಯಂತ್ರ ಎಚ್ಚತ್ತೊಡನೆ ಡ್ರೈವು ತನಗಿಷ್ಟು ಜಾಗ ಬೇಕೆಂದು ಕೇಳುತ್ತದೆ. ಗಣಕ ತನ್ನ ರ‍್ಯಾಮಿನಲ್ಲಿ ಒಂದಂಶ ಬಿಟ್ಟುಕೊಡುತ್ತದೆ. ಫ್ಲ್ಯಾಷಿನ ಒಂದು ಓದಿಗೆ ಹತ್ತಾರು ಮೈಕ್ರೋಸೆಕೆಂಡು ಹಿಡಿದರೆ, ಎರವಲು ಜಾಗದಿಂದ ವಿಳಾಸ ತರಲು ಒಂದೆರಡು ಸಾಕು. 64 ಮೆಗಾಬೈಟು ಸಿಕ್ಕರೂ 64 ಗಿಗಾಬೈಟಿನಷ್ಟು ಮಾಹಿತಿಯ ವಿಳಾಸ ಕೈಗೆಟುಕುತ್ತದೆ. 2017ರಲ್ಲಿ ಲಿನಕ್ಸ್, ವಿಂಡೋಸ್ 10 ಎರಡೂ ಇದಕ್ಕೆ ಎಡೆಮಾಡಿಕೊಟ್ಟವು. ಮೊಬೈಲುಗಳ ಫ್ಲ್ಯಾಷಿಗೂ 2020ರಲ್ಲಿ ಇದೇ ಬಗೆಯ ನಿಯಮ ಬಂದಿತು. ಅಲ್ಲಿ ಮೊಬೈಲೇ ಪಟ್ಟಿಯ ಪ್ರತಿ ಇಟ್ಟುಕೊಂಡು, ಓದುವ ಆಜ್ಞೆಯೊಡನೆ ವಿಳಾಸವನ್ನೂ ಕಳುಹಿಸುತ್ತದೆ.

ಎರವಲಿಗೆ ಒಂದು ಧರ್ಮವುಂಟು. ಆತಿಥೇಯ ಕೊಟ್ಟ ಜಾಗವನ್ನು ಎಂದಾದರೂ ಹಿಂದಕ್ಕೆ ಕೇಳಬಹುದು. ವಿದ್ಯುತ್ತು ಹೋದರೆ ಅಲ್ಲಿದ್ದುದೆಲ್ಲ ಅಳಿಯುತ್ತದೆ. ಆದ್ದರಿಂದ ಪಟ್ಟಿಯನ್ನು ಮತ್ತೆ ಕಟ್ಟಿಕೊಳ್ಳಲು ಬೇಕಾದ ದಾಖಲೆ ಡ್ರೈವಿನ ಫ್ಲ್ಯಾಷಿನಲ್ಲಿಯೇ ಇರಬೇಕು. ಎರವಲು ವೇಗಕ್ಕೆ ಮಾತ್ರ, ಬದುಕಿಗಲ್ಲ. ಈ ವಿವೇಕ ತಪ್ಪಿದರೆ ಏನಾಗುತ್ತದೆಂಬುದು 2024ರ ಅಕ್ಟೋಬರಿನಲ್ಲಿ ಕಂಡಿತು. ವಿಂಡೋಸ್ 11ರ ಹೊಸ ಆವೃತ್ತಿ ಬಂದಾಗ ಕೆಲವು ಡ್ರೈವುಗಳು 200 ಮೆಗಾಬೈಟು ಕೇಳಿದವು. ಹಿಂದೆ 64 ಮಾತ್ರ ಕೊಡುತ್ತಿದ್ದ ಆತಿಥೇಯ ಈ ಸಲ ಕೇಳಿದ್ದನ್ನೆಲ್ಲ ಕೊಟ್ಟಿತು. ಸಿಕ್ಕಿದ್ದನ್ನು ನಿರ್ವಹಿಸಲಾರದೆ ಡ್ರೈವುಗಳು ತೊಡರಿದವು. ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಡ್ರೈವಿನ ಒಳಗಣ ತಂತ್ರಾಂಶವನ್ನು ತಿದ್ದಿದ ಮೇಲೆ ತೊಂದರೆ ಪರಿಹಾರವಾಯಿತು.

ನಾನು ಅಗ್ಗದ ಡ್ರೈವನ್ನೇ ಕೊಂಡೆ. ಅದು ನನ್ನ ಕೆಲಸಕ್ಕೆ ಸಾಲುತ್ತಿದೆ. ಒಂದು ದಿನ ಗ್ರಂಥಪಾಲಕರು ತಮ್ಮ ಖಾನೆ ತಮಗೆ ಬೇಕೆಂದರು. ಜವಾನರು ಮರುಮಾತಾಡದೆ ಚೀಟಿಗಳನ್ನು ತೆಗೆದುಕೊಟ್ಟು, ಆ ತುದಿಯ ಬೀರುವಿನತ್ತ ನಡೆದರು. ಅಂದು ಪುಸ್ತಕಗಳು ತಡವಾಗಿ ಬಂದವು. ಆದರೆ ಯಾರೂ ಬರಿಗೈಯಲ್ಲಿ ಮರಳಲಿಲ್ಲ.

(ಬಾನುಲಿ ಭಾಷಣ)