ಹಿಗ್ಗದ ಮುಖಗಳು: ‘ಕರೇಜ್ ದ ಕವರ್ಡ್ಲಿ ಡಾಗ್’ ಸರಣಿಯಲ್ಲಿ ಭಯದ ನೆಲೆ

ಕಾನ್ಸಾಸಿನ ಬಯಲಿನಲ್ಲಿ ಒಂಟಿ ಮನೆ. ರಾತ್ರಿ. ಮನೆಯಿಂದ ತುಸು ದೂರದ ಮಸುಕು ಬೆಳಕಿನಲ್ಲಿ ತೆಳ್ಳಗಿನ ಆಕೃತಿಯೊಂದು ನಿಂತಿದೆ. ಅದು ಓಡಿ ಬರುವುದಿಲ್ಲ, ಬಾಗಿಲು ಮುರಿಯುವುದಿಲ್ಲ. ನಿಂತಲ್ಲೇ ಸಣ್ಣಗೆ ತೂಗುತ್ತ, ಕಲ್ಲಿನ ಫಲಕವನ್ನು ಹಿಂದಿರುಗಿಸಿ, ಇಲ್ಲವೇ ಶಾಪ ಅನುಭವಿಸಿ ಎಂದು ಎಳೆದೆಳೆದು ಹೇಳುತ್ತದೆ. ಕಾರ್ಟೂನ್ ನೆಟ್‌ವರ್ಕ್‌ನ ‘ಕರೇಜ್ ದ ಕವರ್ಡ್ಲಿ ಡಾಗ್’ (1999–2002) ಸರಣಿಯ ‘ಕಿಂಗ್ ರಾಮ್ಸೆಸ್ ಕರ್ಸ್’ ಕಂತಿನ ದೃಶ್ಯವಿದು. ಆ ವರ್ಷಗಳಲ್ಲಿ ಮಕ್ಕಳಾಗಿದ್ದವರ ಮುಂದೆ ಈ ಸರಣಿಯ ಹೆಸರೆತ್ತಿದರೆ ಮೊದಲು ಬರುವ ಮಾತು ಸಾಮಾನ್ಯವಾಗಿ ಈ ರಾಮ್ಸೆಸನದೇ. ಅದೇ ಕಂತಿನಲ್ಲಿ ಶಾಪದ ಫಲವಾಗಿ ಮನೆಯೊಳಗೆ ನೀರು ಏರುತ್ತದೆ, ಮಿಡತೆಗಳ ದಂಡು ಬರುತ್ತದೆ. ಅವುಗಳ ಮಾತು ಅಷ್ಟಾಗಿ ಬರುವುದಿಲ್ಲ. ಮುತ್ತಿಗೆ ಹಾಕುವ ಮಿಡತೆಗಿಂತ ಸುಮ್ಮನೆ ನಿಂತ ಆಕೃತಿ ಹೆಚ್ಚು ಹೆದರಿಸುವುದೇಕೆ?

ಕಥೆಯಲ್ಲಿ ಹುಡುಕಿದರೆ ಇದಕ್ಕೆ ಉತ್ತರ ಸಿಗದು. ಫರೋಹನ ಶಾಪ ಹಳೆಯ ಸರಕು. ಹಾಸ್ಯ ಚಿತ್ರಗಳೂ ಅದನ್ನು ಬಳಸಿ ಸವೆಸಿವೆ. ಕಾರ್ಟೂನಿನ ಮೈಗೆ ಹಿಗ್ಗುವ, ಕುಗ್ಗುವ, ಮುರಿದು ಮತ್ತೆ ಕೂಡಿಕೊಳ್ಳುವ ಗುಣವಿದೆಯಲ್ಲ, ಆ ಗುಣ ಎಲ್ಲಿ ತಡೆದು ನಿಲ್ಲುತ್ತದೆಯೋ ಅಲ್ಲಿ ಈ ಸರಣಿಯ ಭಯ ಹುಟ್ಟುತ್ತದೆ ಎಂಬುದು ನನ್ನ ವಾದ.

ಪರದೆಯ ಮೇಲಿನ ಭಯಕ್ಕೆ ಮಕ್ಕಳು ಹೇಗೆ ಸ್ಪಂದಿಸುತ್ತಾರೆ ಎಂಬ ಅಧ್ಯಯನಕ್ಕೆ ಗಟ್ಟಿ ನೆಲೆ ಹಾಕಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್ ಮತ್ತು ಅವರ ಸಹೋದ್ಯೋಗಿಗಳು. ಸಿಂಥಿಯಾ ಹಾಫ್ನರ್ ಜೊತೆಗಿನ 1985ರ ಪ್ರಯೋಗದಲ್ಲಿ ಒಬ್ಬ ಮುದುಕಿಯ ಪಾತ್ರಕ್ಕೆ ನಾಲ್ಕು ರೂಪ ಕೊಟ್ಟಿದ್ದರು: ಚೆಲುವಾದ ದಯಾಳು, ಚೆಲುವಾದ ಕ್ರೂರಿ, ಕುರೂಪಿ ದಯಾಳು, ಕುರೂಪಿ ಕ್ರೂರಿ. ಶಾಲೆಗೆ ಹೋಗುವ ಮುಂಚಿನ ವಯಸ್ಸಿನ ಮಕ್ಕಳು ಆಕೆಯನ್ನು ಹೆಚ್ಚಾಗಿ ರೂಪದಿಂದ ಅಳೆದರು. ದೊಡ್ಡ ಮಕ್ಕಳು ನಡತೆಯಿಂದ. ಮರುವರ್ಷ ಗ್ಲೆನ್ ಸ್ಪಾರ್ಕ್ಸ್ ಜೊತೆ ‘ದ ಇನ್‌ಕ್ರೆಡಿಬಲ್ ಹಲ್ಕ್’ ಧಾರಾವಾಹಿಯನ್ನು ಎತ್ತಿಕೊಂಡಾಗಲೂ ಇದೇ ಕಂಡಿತು. ನಾಯಕ ಹಸಿರು ದೈತ್ಯನಾದ ಮೇಲೆ ಒಳ್ಳೆಯದನ್ನೇ ಮಾಡಿದರೂ ಚಿಕ್ಕವರು ಹೆದರುವುದು ಆ ರೂಪಾಂತರದ ನಂತರವೇ. ಇದಕ್ಕೆ ತದ್ವಿರುದ್ಧವಾದದ್ದು ಅಣುಯುದ್ಧದ ಕಥೆಯುಳ್ಳ 1983ರ ಟಿವಿ ಚಿತ್ರ ‘ದ ಡೇ ಆಫ್ಟರ್’. ಅದರಿಂದ ಅತಿ ಕಡಿಮೆ ಕಲಕಿದವರು ಸಣ್ಣ ಮಕ್ಕಳು, ಹೆಚ್ಚು ಕಲಕಿದವರು ದೊಡ್ಡವರು. ಕಾಣುವುದಕ್ಕೆ ಹೆದರುವ ವಯಸ್ಸು ಒಂದು, ಊಹಿಸಿಕೊಂಡು ಹೆದರುವ ವಯಸ್ಸು ಇನ್ನೊಂದು.

ಈ ತೀರ್ಮಾನಗಳನ್ನು ನಾನು ಒಪ್ಪುತ್ತೇನೆ. ಆದರೆ ಹಲ್ಕ್ ಆಗಲಿ, ಆ ಮುದುಕಿಯಾಗಲಿ ಕ್ಯಾಮೆರಾದ ಎದುರು ನಿಂತ ನಟರು. ಬರೆದ ಚಿತ್ರದಲ್ಲಿ ‘ರೂಪ’ವೆಂಬುದು ಇಷ್ಟು ಸರಳವಲ್ಲ. ಅಲ್ಲಿ ಎಲ್ಲರೂ ಒಂದರ್ಥದಲ್ಲಿ ವಿಕಾರವಾಗಿಯೇ ಇರುತ್ತಾರೆ, ಮಕ್ಕಳು ಅದಕ್ಕೆ ಹೆದರುವುದಿಲ್ಲ, ನಗುತ್ತಾರೆ.

ಏಕೆ ನಗುತ್ತಾರೆ ಎಂಬುದಕ್ಕೆ ಒಂದು ಸುಳಿವು ಸಿಗುವುದು ಸೋವಿಯತ್ ನಿರ್ದೇಶಕ ಸೆರ್ಗೈ ಐಸೆನ್‌ಸ್ಟೈನ್‌ನಲ್ಲಿ. 1940ರ ದಶಕದಲ್ಲಿ ಡಿಸ್ನಿಯ ಬಗ್ಗೆ ಬರೆಯುತ್ತ ಆತ, ಯಾವ ಆಕಾರಕ್ಕೂ ಕಟ್ಟುಬೀಳದೆ ಬೇಕಾದ ಆಕಾರ ತಾಳಬಲ್ಲ ದ್ರವಗುಣವೇ ಆ ಚಿತ್ರಗಳ ಸೆಳೆತವೆಂದು ಗುರುತಿಸಿದ್ದ. 1940ರಲ್ಲಿ ಆರಂಭವಾದ ಟಾಮ್ ಅಂಡ್ ಜೆರ್ರಿಯ ಬೆಕ್ಕು ಇಸ್ತ್ರಿಪೆಟ್ಟಿಗೆಯ ಆಕಾರಕ್ಕೆ ಚಪ್ಪಟೆಯಾಗುತ್ತದೆ, ಮುಂದಿನ ದೃಶ್ಯದಲ್ಲಿ ಮೊದಲಿನಂತಿರುತ್ತದೆ. ಗೆರೆಯೊಳಗೆ ಇರುವಷ್ಟು ಕಾಲ ಯಾರಿಗೂ ಸಾವಿಲ್ಲ ಎಂಬ ಕರಾರು ಅಲ್ಲಿದೆ. ಮಗುವಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ನಾಲ್ಕು ಕಂತು ನೋಡಿದರೆ ಸಾಕು.

ಜಾನ್ ಆರ್. ಡಿಲ್ವರ್ತ್ ತನ್ನ ನಾಯಿಯನ್ನು ಈ ಕರಾರಿನ ಮೇಲೆಯೇ ಕಟ್ಟಿದ. 1996ರ ‘ದ ಚಿಕನ್ ಫ್ರಮ್ ಔಟರ್ ಸ್ಪೇಸ್’ ಕಿರುಚಿತ್ರದಲ್ಲಿ ಮೊದಲು ಕಾಣಿಸಿಕೊಂಡ ಕರೇಜ್, ಆ ಚಿತ್ರ ಆಸ್ಕರ್ ನಾಮನಿರ್ದೇಶನ ಪಡೆದ ಮೇಲೆ ತನ್ನದೇ ಸರಣಿಗೆ ಬಂದ. ‘ನೋವೇರ್’ ಎಂಬ ಊರು, ಅಲ್ಲಿ ಮ್ಯೂರಿಯಲ್ ಎಂಬ ಕರುಣಾಳು ಅಜ್ಜಿ, ಸಿಡುಕಿನ ಗಂಡ ಯೂಸ್ಟೇಸ್, ತಬ್ಬಲಿಯಾಗಿ ಸಿಕ್ಕ ಗುಲಾಬಿ ಬಣ್ಣದ ನಾಯಿ. ಹೆದರಿದಾಗ ಕರೇಜನ ಹಲ್ಲುಗಳು ಉದುರುತ್ತವೆ, ಕಣ್ಣುಗುಡ್ಡೆ ಹೊರಗೆ ಹಾರುತ್ತವೆ, ಕಿರುಚಾಟಕ್ಕೆ ಮೈ ನೂರು ತುಂಡಾಗುತ್ತದೆ. ಭಯವೆಂಬುದು ಇಲ್ಲಿ ಹಿಗ್ಗಿದ ಮೈಯೇ, ಆದ್ದರಿಂದಲೇ ನಗೆ. ನೋಡುವ ಮಗುವಿನ ಪಾಲಿನ ಹೆದರಿಕೆಯನ್ನು ಆ ನಾಯಿ ತಾನೇ ಹೆದರಿ ಖರ್ಚು ಮಾಡಿಬಿಡುತ್ತದೆ.

ಈ ಹಿನ್ನೆಲೆಯಲ್ಲಿ ರಾಮ್ಸೆಸನನ್ನು ಮತ್ತೆ ನೋಡಬೇಕು. ಸುತ್ತಲಿನ ಎಲ್ಲವೂ ಕೈಯಲ್ಲಿ ಬರೆದ ಗೆರೆಗಳಿಂದ ಕೂಡಿದ್ದರೆ ಅವನೊಬ್ಬ ಮಾತ್ರ ಕಂಪ್ಯೂಟರಿನಲ್ಲಿ ಮೂಡಿದ ಮೂರು ಆಯಾಮದ ಆಕೃತಿ. ಅವನಿಗೆ ಹೊರಗೆರೆಯಿಲ್ಲ. ಹೊರಗೆರೆಯಿಲ್ಲದ ಮೇಲೆ ಆ ಕರಾರೂ ಅವನಿಗೆ ಅನ್ವಯಿಸುವುದಿಲ್ಲ. ಆ ತಂತ್ರಜ್ಞಾನ ಅಂದು ಒರಟಾಗಿತ್ತು, ಇಂದಿನ ಕಣ್ಣಿಗೆ ಕಳಪೆಯಾಗಿಯೂ ಕಾಣುತ್ತದೆ. ಕಳಪೆಯಾಗಿದ್ದುದೇ ಒಳ್ಳೆಯದಾಯಿತು ಎನ್ನಬೇಕು. ಜಪಾನಿನ ಮಸಾಹಿರೊ ಮೋರಿ 1970ರಲ್ಲಿ ರೋಬೋಟ್‌ಗಳ ಕುರಿತು ಹೇಳಿದ ‘ವಿಲಕ್ಷಣ ಕಣಿವೆ’ಯ ಕಲ್ಪನೆಯನ್ನು ಇಲ್ಲಿಗೆ ಎಳೆದು ತರುವವರಿದ್ದಾರೆ: ಮನುಷ್ಯನನ್ನು ಬಹುಪಾಲು ಹೋಲುವ, ಪೂರ್ತಿ ಹೋಲದ ವಸ್ತು ಅಸಹ್ಯ ಹುಟ್ಟಿಸುತ್ತದೆ ಎಂಬುದು ಅದರ ಸಾರ. ಆದರೆ ರಾಮ್ಸೆಸ್ ಮನುಷ್ಯನ ಹೋಲಿಕೆಯ ಹತ್ತಿರವೂ ಸುಳಿಯುವುದಿಲ್ಲ. ಅವನು ಹೋಲದೆ ಇರುವುದು ತನ್ನ ಚೌಕಟ್ಟನ್ನು. ‘ದ ಹೌಸ್ ಆಫ್ ಡಿಸ್‌ಕಂಟೆಂಟ್’ ಕಂತಿನಲ್ಲಿ ತೇಲುವ ಬಿಳಿ ತಲೆ ಇದನ್ನು ಇನ್ನಷ್ಟು ಸ್ಪಷ್ಟಮಾಡುತ್ತದೆ. ಅದು ಕ್ಯಾಮೆರಾದಲ್ಲಿ ಸೆರೆಹಿಡಿದ ನಿಜವಾದ ಮನುಷ್ಯಮುಖ. ಮೋರಿಯ ಲೆಕ್ಕದಲ್ಲಿ ಅದು ಕಣಿವೆ ದಾಟಿ ಸುರಕ್ಷಿತ ದಡ ಸೇರಿರಬೇಕಿತ್ತು. ಕಾರ್ಟೂನಿನ ನಡುವೆ ಅದೇ ಮುಖ ಅತ್ಯಂತ ಅನ್ಯವಾಗಿ ಕಾಣುತ್ತದೆ.

ಹಾಗಿದ್ದರೆ ‘ಫ್ರೀಕಿ ಫ್ರೆಡ್’ ಕಂತಿಗೆ ಏನು ಹೇಳುವುದು? ಇದು ಗಂಭೀರ ಆಕ್ಷೇಪ. ಮ್ಯೂರಿಯಲ್‌ಳ ಸೋದರಳಿಯ ಫ್ರೆಡ್ ಕ್ಷೌರಿಕ. ಪೂರ್ತಿ ಕೈಯಲ್ಲಿ ಬರೆದ ಪಾತ್ರ. ಅವನು ಕರೇಜ್ ಜೊತೆ ಬಚ್ಚಲುಮನೆಯಲ್ಲಿ ಸಿಕ್ಕಿಕೊಳ್ಳುತ್ತಾನೆ, ತಾನು ಪ್ರೀತಿಸಿದವರ ಕೂದಲನ್ನೆಲ್ಲ ಬೋಳಿಸಿದ ಕಥೆಯನ್ನು ಪ್ರಾಸಬದ್ಧ ಸಾಲುಗಳಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಾಯಿಯ ರೋಮ ತೆಗೆಯುತ್ತಾನೆ. ನೋವಿಲ್ಲ, ರಕ್ತವಿಲ್ಲ. ಆದರೂ ಈ ಕಂತು ಸರಣಿಯ ಅತ್ಯಂತ ಕಸಿವಿಸಿಯ ಕಂತುಗಳಲ್ಲಿ ಒಂದು, ನನ್ನ ದೃಷ್ಟಿಯಲ್ಲಿ ಅತ್ಯುತ್ತಮವೂ ಹೌದು. ಆಕ್ಷೇಪ ವಾದವನ್ನು ಮುರಿಯುವ ಬದಲು ತಿದ್ದುತ್ತದೆ. ಮುಖ್ಯವಾದದ್ದು ಮಾಧ್ಯಮ ಬದಲಾಗುವುದಷ್ಟೇ ಆಗಿದ್ದರೆ ಫ್ರೆಡ್ ಹೆದರಿಸಬಾರದಿತ್ತು. ಅವನ ನಗುವನ್ನು ಗಮನಿಸಿ. ಹಲ್ಲು ಕಿರಿದ ಆ ನಗು ಕಂತಿನ ಉದ್ದಕ್ಕೂ ಸಡಿಲವಾಗುವುದಿಲ್ಲ. ಸಾಲುಗಳು ಕೇಳಿಸುತ್ತಿವೆ, ತುಟಿ ಆಡುತ್ತಿಲ್ಲ. ಎಲ್ಲ ಮುಖಗಳೂ ಕ್ಷಣಕ್ಕೊಂದು ಆಕಾರ ತಾಳುವ ಲೋಕದಲ್ಲಿ ಹಿಗ್ಗದ ಒಂದು ಮುಖ. ಧ್ವನಿಯಲ್ಲೂ ಅದೇ ಬಿಗಿ: ಪ್ರಾಸದ ನಡೆ ಒಮ್ಮೆಯೂ ಎಡವುವುದಿಲ್ಲ. ಎದುರಿಗೆ ನಾಯಿ ಮಾತ್ರ ಕರಗುತ್ತ, ಮುದುಡುತ್ತ ಇರುತ್ತದೆ. ರಾಮ್ಸೆಸ್ ಮತ್ತು ಫ್ರೆಡ್ ಸೇರುವುದು ಈ ನಿಶ್ಚಲತೆಯಲ್ಲಿ.

ಯೂಸ್ಟೇಸನ ಹಸಿರು ಮುಖವಾಡ ಇದಕ್ಕೆ ಎದುರು ಸಾಕ್ಷಿ. ಆಗಾಗ ಅವನು ದೊಡ್ಡ ಮುಖವಾಡ ಹಾಕಿಕೊಂಡು ಊಳಿಟ್ಟು ನಾಯಿಯನ್ನು ಬೆಚ್ಚಿಬೀಳಿಸುತ್ತಾನೆ. ಮ್ಯೂರಿಯಲ್ ಲಟ್ಟಣಿಗೆಯಿಂದ ಅವನ ತಲೆಗೆ ಬಿಗಿಯುತ್ತಾಳೆ. ಇದು ನಮ್ಮ ಮನೆಗಳ ಗುಮ್ಮನೇ, ಮಕ್ಕಳನ್ನು ಹತೋಟಿಯಲ್ಲಿಡಲು ದೊಡ್ಡವರು ಸಾಕಿಕೊಂಡ ಭಯ. ಪುರಂದರದಾಸರ ಬಾಲಕೃಷ್ಣ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುವಾಗ ಕೇಳುಗರು ಮುಗುಳ್ನಗುತ್ತಾರೆ, ಏಕೆಂದರೆ ಗುಮ್ಮನ ಹಗ್ಗ ತಾಯಿಯ ಕೈಯಲ್ಲಿದೆ. ಯೂಸ್ಟೇಸನ ಮುಖವಾಡದ ಹಗ್ಗವೂ ಅವನ ಕೈಯಲ್ಲಿದೆ. ಅದನ್ನು ಕಂಡು ಕರೇಜ್ ಬೆದರುತ್ತಾನೆ, ಮಗು ಬೆದರುವುದಿಲ್ಲ. ರಾಮ್ಸೆಸನನ್ನು ಹೊರಗಿನಿಂದ ಆಡಿಸುವ ದೊಡ್ಡವರು ಆ ಮನೆಯಲ್ಲಿ ಯಾರೂ ಇಲ್ಲ. ಅಷ್ಟೇ ಅಲ್ಲ, ಅವನನ್ನು ಕಂಡ ಯೂಸ್ಟೇಸ್ ಫಲಕಕ್ಕೆ ಎಷ್ಟು ಕೊಡುತ್ತೀಯೆಂದು ಚೌಕಾಸಿಗೆ ನಿಲ್ಲುತ್ತಾನೆ! ಅಪಾಯವನ್ನು ಅಪಾಯವೆಂದು ಅರಿಯುವವನು ಸರಿಯಾಗಿ ಮಾತು ಬಾರದ ನಾಯಿ. ಅವನು ಮೈಯನ್ನು ಹಾವಾಗಿ, ಕೋಳಿಯಾಗಿ, ರಾಕ್ಷಸನಾಗಿ ತಿರುಚಿ ಅಭಿನಯಿಸಿ ತೋರಿಸಿದರೂ ಮ್ಯೂರಿಯಲ್ ನಕ್ಕು ಸುಮ್ಮನಾಗುತ್ತಾಳೆ. ಹಿಗ್ಗುವ ಮೈಯೇ ಅವನ ಭಾಷೆ, ಹಿಗ್ಗುವ ಮೈಯಾದ್ದರಿಂದಲೇ ಅದು ದೊಡ್ಡವರಿಗೆ ಆಟವಾಗಿ ಕಾಣುತ್ತದೆ.

ನವೆಂಬರ್ 2002ರಲ್ಲಿ ಪ್ರಸಾರವಾದ ಕೊನೆಯ ಕಂತು ‘ಪರ್ಫೆಕ್ಟ್’ ವಯಸ್ಸಿನ ವ್ಯತ್ಯಾಸವನ್ನು ಒಂದೇ ಹೊಡೆತದಲ್ಲಿ ಹಿಡಿಯುತ್ತದೆ. ಕರೇಜನ ಕನಸಿನಲ್ಲಿ ಭ್ರೂಣದಂಥ ನೀಲಿ ಆಕೃತಿಯೊಂದು, ಅದೂ ಕಂಪ್ಯೂಟರಿನದೇ, ಅವನು ಪರಿಪೂರ್ಣನಲ್ಲ ಎಂದಷ್ಟೇ ಹೇಳಿ ಮಾಯವಾಗುತ್ತದೆ. ಚಿಕ್ಕ ಮಗುವಿಗೆ ಆ ನೀಲಿ ಮುಖವೇ ಸಾಕು. ಹತ್ತರ ಆಚೆಯ ಮಗುವಿಗೆ ತಾಗುವುದು ಆ ಮಾತು, ಪರೀಕ್ಷೆಯ ಅಂಕಪಟ್ಟಿ ನೋಡಿ ಗೊತ್ತಿರುವ ಮಾತು. ತಾಯ್ತಂದೆಯರನ್ನು ರಾಕೆಟ್ಟಿನಲ್ಲಿ ಕಳೆದುಕೊಂಡ ಕಥೆಯ ‘ರಿಮೆಂಬ್ರೆನ್ಸ್ ಆಫ್ ಕರೇಜ್ ಪಾಸ್ಟ್’ ಬೇರೆ ಜಾತಿಯದು. ಅಲ್ಲಿರುವುದು ಹೆಚ್ಚಾಗಿ ದುಃಖ.

ಇಂಥ ಭಯವನ್ನು ಅಳೆಯುವ ಪಟ್ಟಿ ಆಡಳಿತದ ಬಳಿ ಇಲ್ಲ. ಜಪಾನಿನಲ್ಲಿ 16 ಡಿಸೆಂಬರ್ 1997ರಂದು ಪೋಕೆಮಾನ್ ಕಂತೊಂದರ ಕೆಂಪು–ನೀಲಿ ಮಿಂಚಾಟದಿಂದ ಸುಮಾರು 685 ಮಂದಿ ಆಸ್ಪತ್ರೆ ಸೇರಿದಾಗ ನಿಯಮ ರೂಪಿಸುವುದು ಸುಲಭವಿತ್ತು: ಮಿಂಚುಗಳನ್ನು ಸೆಕೆಂಡಿನ ಲೆಕ್ಕದಲ್ಲಿ ಎಣಿಸಬಹುದು. ಅದೇ ವರ್ಷ ಅಮೆರಿಕದ ಟಿವಿಯಲ್ಲಿ ಜಾರಿಗೆ ಬಂದ ವಯೋಸೂಚಿ ಚಿಹ್ನೆಗಳಲ್ಲಿ ಕಾಲ್ಪನಿಕ ಹಿಂಸೆಗೆ ಪ್ರತ್ಯೇಕ ಅಕ್ಷರಗಳು ಸೇರಿದವು, ಹೊಡೆತಗಳನ್ನೂ ಎಣಿಸಬಹುದು. ಆದರೆ ಫ್ರೆಡ್ ಯಾರಿಗೂ ಹೊಡೆಯುವುದಿಲ್ಲ.

ಕನ್ನಡದ ಮಕ್ಕಳ ಮಟ್ಟಿಗೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ. ಕನ್ನಡದಲ್ಲಿ ಮಕ್ಕಳಿಗೆಂದೇ ಇರುವ ವಾಹಿನಿಯಾಗಿ ಚಿಂಟು ಟಿವಿ ಶುರುವಾದದ್ದು 2009ರಲ್ಲಿ. ನಡುವಿನ ವರ್ಷಗಳಲ್ಲಿ ಕರೇಜನನ್ನು ನೋಡಿದ ಅನೇಕ ಕನ್ನಡದ ಮಕ್ಕಳಿಗೆ ಆ ಸರಣಿಯ ಮಾತು ಅರೆಬರೆ ದಕ್ಕಿರಬೇಕು. ಈ ಸರಣಿಯಲ್ಲಿ ಸಮಾಧಾನವಿರುವುದು ಮಾತಿನಲ್ಲಿ: ಮನೆಯ ಅಟ್ಟದಲ್ಲಿರುವ ಮಾತಾಡುವ ಕಂಪ್ಯೂಟರಿನ ವ್ಯಂಗ್ಯ, ಮ್ಯೂರಿಯಲ್‌ಳ ಲಲ್ಲೆ, ಯೂಸ್ಟೇಸನ ಚೌಕಾಸಿ. ಭಯವಿರುವುದು ಮುಖದಲ್ಲಿ, ಸ್ವರದ ಎಳೆತದಲ್ಲಿ. ಭಾಷೆ ಬಾರದಿದ್ದರೆ ಮೊದಲನೆಯದು ಸೋರಿಹೋಗುತ್ತದೆ, ಎರಡನೆಯದು ಇಡಿಯಾಗಿ ತಲುಪುತ್ತದೆ. ಶಾಲೆಗೆ ಹೋಗುವ ಮುಂಚಿನ ಮಕ್ಕಳಿಗೆ ಮಾತಿನ ವಿವರಣೆಯಿಂದ ಭಯ ಇಳಿಯುವುದು ಕಡಿಮೆ, ದೊಡ್ಡ ಮಕ್ಕಳಿಗೆ ಹೆಚ್ಚು ಎಂಬುದು ಕ್ಯಾಂಟರ್ ಮತ್ತು ಬಾರ್ಬರಾ ವಿಲ್ಸನ್ 1984ರಲ್ಲಿ ಇನ್ನೊಂದು ಕಾನ್ಸಾಸ್ ಕಥೆಯಾದ ‘ದ ವಿಝರ್ಡ್ ಆಫ್ ಓಝ್’ನ ಮಾಟಗಾತಿಯನ್ನು ತೋರಿಸಿ ಕಂಡುಕೊಂಡದ್ದು. ಪರದೆಯ ಮಾತೇ ಪರಭಾಷೆಯದಾದಾಗ ಎಂಟು ಹತ್ತು ವರ್ಷದ ಮಗುವೂ ಅಷ್ಟರಮಟ್ಟಿಗೆ ನಾಲ್ಕರ ವಯಸ್ಸಿನ ನೋಡುಗನ ಸ್ಥಾನಕ್ಕೆ ಸರಿಯುತ್ತದೆ. ಆದ್ದರಿಂದ ಇಲ್ಲಿನ ನೋಡುಗರ ನೆನಪುಗಳನ್ನು ಅಮೆರಿಕದ ವಯೋಮಾನದ ಪಟ್ಟಿಗೆ ನೇರವಾಗಿ ಜೋಡಿಸಲು ಬರುವುದಿಲ್ಲ. ಮನೆಯಲ್ಲಿ ಆಡುವ ಭಾಷೆಯನ್ನೂ ಆ ಪಟ್ಟಿಯಲ್ಲಿ ಒಂದು ಕಲಂ ಆಗಿ ಸೇರಿಸಬೇಕಾಗುತ್ತದೆ.